ಕಪ್ಪಿನ ಮೇಲೆ ಅರಿಶಿನ

ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ನನಗೆ ಇಪ್ಪತ್ತು ವರ್ಷವಾಗುತ್ತ ಬಂತು. ಕಣ್ಣುರಿ, ಕತ್ತುನೋವು. ಯಾರು ಯಾವ ಚಿತ್ರ ತಂದರೂ ಅದರ ಕಪ್ಪು ತೆಗೆಯುವುದೇ ಕೆಲಸ. ಶುಭಕಾರ್ಯದ ಕಾರ್ಡಿನಲ್ಲಿ ಕಪ್ಪು ಇರಬಾರದಂತೆ. ಕೃಷ್ಣನನ್ನೂ ತಿಳಿನೀಲಿ ಮಾಡಿ ಮಾಡಿ ಸಾಕಾಗಿಹೋಗಿದೆ.

ಹೋದ ವರ್ಷ ಚಾಮರಾಜಪೇಟೆಯ ಹುಡುಗಿಯೊಬ್ಬಳು ತನ್ನ ಮದುವೆ ಕಾರ್ಡಿಗೆಂದು ಒಂದು ಚಿತ್ರ ತಂದಳು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವಳ ಅಪ್ಪ ಬರೆದದ್ದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಯುರೋಪಿನ ಹಳೆಯ ಬರೋಕ್ ಶೈಲಿಯ ಕತ್ತಲೆ-ಬೆಳಕಿನ ಚಿತ್ರಗಳ ರೀತಿಯಲ್ಲಿ ಅಲ್ಲಿಯದೇ ಪುರಾಣಕಥೆ: ಮಲಗಿದ ಕುರಿಗಾಹಿಯನ್ನು ನೋಡಲು ಚಂದ್ರದೇವತೆ ಇಳಿದು ಬಂದಿದ್ದಾಳೆ. ಮುಕ್ಕಾಲು ಪಾಲು ಬರೀ ಕತ್ತಲೆ. ಅವಳ ಕೆನ್ನೆ, ಅವನ ಹೆಗಲು, ಅಷ್ಟಕ್ಕೇ ಬೆಳಕು.

"ಧಾರೆ ಎರೆಯೋಕೆ ಅಪ್ಪ ಇಲ್ಲ. ಕಾರ್ಡಲ್ಲಾದ್ರೂ ಇರ್ಲಿ ಮೇಡಂ" ಅಂದಳು.

ಜೊತೆಗೆ ಅವಳ ಅಮ್ಮ ಮತ್ತು ಚಿಕ್ಕಪ್ಪ ಬಂದಿದ್ದರು. ಅಮ್ಮ ಬಾಗಿಲ ಬಳಿಯ ಸ್ಟೂಲಿನಲ್ಲೇ ಕೂತುಬಿಟ್ಟರು. ಚಿಕ್ಕಪ್ಪ ಸ್ಕ್ರೀನ್ ನೋಡಿ, "ಅಯ್ಯೋ ರಾಮ, ಇದು ಮದ್ವೆ ಕಾರ್ಡೋ ತಿಥಿ ಕಾರ್ಡೋ? ಬೆಳ್ಳಗೆ ಮಾಡ್ಕೊಡಮ್ಮಾ" ಎಂದರು.

ನಾನು ವಾದಿಸಲಿಲ್ಲ. ಅಷ್ಟು ತ್ರಾಣ ಎಲ್ಲಿದೆ? ಸ್ವಲ್ಪ ಸ್ವಲ್ಪವೇ ಕತ್ತಲೆ ತಿಳಿಮಾಡಿದೆ. ಕಪ್ಪು ಬೂದಿಬಣ್ಣವಾಯಿತು, ಆಮೇಲೆ ಕೆನೆಬಣ್ಣ. ಕೊನೆಗೆ ನೋಡಿದರೆ ದೇವತೆಯ ಕೆನ್ನೆಯ ಬೆಳಕೂ ಇಲ್ಲ! ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಇಬ್ಬರೂ ಮುಖಕ್ಕೆ ಹಿಟ್ಟು ಮೆತ್ತಿಕೊಂಡ ಹಾಗೆ ಕಾಣುತ್ತಿದ್ದರು.

"ಇದು ಅಪ್ಪಂದಲ್ಲ" ಎಂದು ಹುಡುಗಿ ಮುಖ ತಿರುಗಿಸಿದಳು. ನನ್ನ ಕೆಲಸದ ಮೇಲೆ ನನಗೇ ಹೇಸಿಗೆಯಾಯಿತು.

ಎರಡನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ, ಕಪ್ಪಿನದೊಂದು, ಬಿಳಿಯದೊಂದು. ಒಪ್ಪಿಗೆಯಾದ ಮಾದರಿ ಪ್ರತಿಯ, ಅಂದರೆ ಪ್ರೂಫಿನ, ನಾಲ್ಕು ಮೂಲೆಗೂ ಮನೆಯವರು ಅರಿಶಿನ ಹಚ್ಚುವುದು ನಮ್ಮ ಅಂಗಡಿಯ ಪದ್ಧತಿ. ಹಚ್ಚಿದ್ದೇ ಅಚ್ಚಿಗೆ ಹೋಗುತ್ತದೆ. ಹುಡುಗಿ ಅರಿಶಿನದ ಬಟ್ಟಲನ್ನೂ ಎರಡು ಪ್ರೂಫನ್ನೂ ಎತ್ತಿಕೊಂಡು ಹೋಗಿ ಅಮ್ಮನ ತೊಡೆಯ ಮೇಲಿಟ್ಟಳು.

"ಅಮ್ಮ, ನೀನೇ ಹಚ್ಚು."

"ಅತ್ತಿಗೆ, ನೀವು ಹಚ್ಚೋದು ಅಂದ್ರೆ..." ಚಿಕ್ಕಪ್ಪ ಅರ್ಧಕ್ಕೇ ನಿಲ್ಲಿಸಿದರು. ಗಂಡ ಹೋದವರು ಶುಭಕ್ಕೆ ಕೈ ಹಾಕಬಾರದು ಎಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಆಕೆ ಬಟ್ಟಲಿಗೆ ಬೆರಳು ಅದ್ದಿದರು. ಆಮೇಲೆ, "ದೂರ ನಿಂತು ನಿಂತು ಸಾಕಾಗಿದೆ ಕಣಪ್ಪಾ" ಎಂದು ಕಪ್ಪಿನದನ್ನೇ ಎಳೆದುಕೊಂಡು ಒಂದೊಂದು ಮೂಲೆಗೂ ಹಚ್ಚಿದರು.

ಎಷ್ಟು ಸಾವಿರ ಕಾರ್ಡಿಗೆ ಅರಿಶಿನ ಹಚ್ಚಿದ್ದನ್ನು ನೋಡಿದ್ದೇನೋ. ಅದು ಇಷ್ಟು ಹಳದಿ ಎಂದು ನನಗೆ ಗೊತ್ತೇ ಇರಲಿಲ್ಲ.

ನಾನು ಬಿಳಿಯ ಫೈಲನ್ನು ಅಳಿಸಿಹಾಕಿದೆ.