ಗುರುಶಾಂತಪ್ಪನ ಮೂಗು

ತ್ಯಾಗರಾಜನಗರದ ಷೆಡ್ಡಿನಲ್ಲಿ ಗುರುಶಾಂತಪ್ಪ ಹನ್ನೆರಡು ವರ್ಷ ಕಾರು ರಿಪೇರಿ ಮಾಡಿದ್ದು ಮೂಗನ್ನು ನಂಬಿಕೊಂಡು. ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಅವನು ನೋಡುತ್ತಲೇ ಇರಲಿಲ್ಲ. ಒಂದು ತೊಟ್ಟು ಬೆರಳಿಗೆ ಹಚ್ಚಿ, ಉಜ್ಜಿ, ಮೂಸಿ, ಇದು ಹಳೇ ಇಂಜಿನ್ನಿಗೆ ಮಂದ ಎಣ್ಣೆ, ಇದು ಹೊಸದಕ್ಕೆ ತೆಳು ಎಣ್ಣೆ, ಇದು ಬ್ರೇಕಿನದು ಎಂದುಬಿಡುತ್ತಿದ್ದ. ಜಯನಗರದ ಕಾರಿನವರೆಲ್ಲ ಈ ವಿದ್ಯೆಗೆ ತಲೆದೂಗುತ್ತಿದ್ದರು. ಇದು ಅಕ್ಷರ ಬಾರದವನ ಉಪಾಯ ಎಂದು ಗೊತ್ತಿದ್ದದ್ದು ಹೆಂಡತಿ ಸಿದ್ದಗಂಗಮ್ಮನಿಗೆ ಮಾತ್ರ. ಓದು ಬಾರದ ಮೆಕ್ಯಾನಿಕ್ಕಿನ ಕೈಗೆ ಯಾರು ಕಾರು ಕೊಟ್ಟಾರು ಎಂಬ ಭಯ ಅವನಿಗೆ.

ಅರವತ್ತಮೂರನೇ ಇಸವಿಯ ಆ ಶುಕ್ರವಾರ ಅವನಿಗೆ ವಿಪರೀತ ನೆಗಡಿ. ಸಾಲದ್ದಕ್ಕೆ ಸಿದ್ದಗಂಗಮ್ಮ ಮೂಗಿಗೆ ನೀಲಗಿರಿ ಎಣ್ಣೆ ತಿಕ್ಕಿದ್ದಳು. ಒಂದು ದಿನ ಷೆಡ್ಡು ಮುಚ್ಚಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ, ಆದರೆ ಹಟಮಾರಿ. ಬ್ಯಾಂಕಿನ ಅನಂತರಾಮು ಅವರ ಕಾರಿನ ಇಂಜಿನ್ ಎಣ್ಣೆ ಬದಲಿಸಿ, ರೇಡಿಯೇಟರಿಗೆ ನೀರು ತುಂಬಿ, ಬ್ರೇಕಿಗೂ ಎಣ್ಣೆ ಹಾಕಿ ಹತ್ತು ಗಂಟೆಗೆ ಕಳಿಸಿದ. ಅನಂತರಾಮು, ಹೆಂಡತಿ ಮೀನಾಕ್ಷಮ್ಮ, ಇಬ್ಬರು ಮಕ್ಕಳು ಬನಶಂಕರಿ ಗುಡಿಗೆ ಹೋಗಿ ಅಲ್ಲಿಂದ ಕನಕಪುರಕ್ಕೆ ಹೋಗುವವರಿದ್ದರು.

ಹನ್ನೊಂದೂವರೆಗೆ ಸಾಮಾನು ಜೋಡಿಸುವಾಗ, ಹಿಂದಿನ ದಿನ ಅಂಗಡಿಯಲ್ಲಿ ಬ್ರೇಕ್ ಎಣ್ಣೆಯೆಂದು ಕೇಳಿ ತಂದು ಮೂಲೆಯಲ್ಲಿಟ್ಟಿದ್ದ ಒಂದೇ ಡಬ್ಬಿ ಕೈಗೆ ಬಂತು. ಅದರ ಸೀಲು ಒಡೆದೇ ಇರಲಿಲ್ಲ. ಗುರುಶಾಂತಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಾಗಾದರೆ ಬ್ರೇಕಿಗೆ ಹಾಕಿದ್ದು ಇಂಜಿನ್ ಎಣ್ಣೆ. ಅದು ತಾಗಿದರೆ ಒಳಗಿನ ರಬ್ಬರು ಉಬ್ಬುತ್ತದೆ. ಮೊದಲು ಏನೂ ತಿಳಿಯುವುದಿಲ್ಲ, ಆಮೇಲೆ ಎಲ್ಲೋ ಇಳಿಜಾರಿನಲ್ಲಿ ಕೈಕೊಡುತ್ತದೆ.

ಒಂದೇ ಆಸೆಯಿತ್ತು. ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚುವುದು ರಾಹುಕಾಲದಲ್ಲಿ, ಪ್ರಯಾಣ ಹೊರಡುವುದು ಅದು ಕಳೆದ ಮೇಲೆ. ಶುಕ್ರವಾರದ ರಾಹುಕಾಲ ಹನ್ನೆರಡಕ್ಕೆ ಮುಗಿಯುತ್ತದೆ. ಸೈಕಲ್ ಹತ್ತಿ ಎದ್ದೆನೋ ಬಿದ್ದೆನೋ ಎಂದು ತುಳಿದ. ಏನಾದರೂ ಸಬೂಬು ಹೇಳಿ ಕಾರು ವಾಪಸು ತಂದರಾಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಗುಡಿಯ ಮುಂದೆ ಕಾರಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತಿದ್ದರು. ಗುರುಶಾಂತಪ್ಪ ಏದುಸಿರು ಬಿಡುತ್ತಾ, ಒಂದು ನಟ್ಟು ಬಿಗಿ ಮಾಡುವುದಿದೆ, ಷೆಡ್ಡಿಗೆ ಬನ್ನಿ ಎಂದ. ನಾಳೆ ಬಂದು ಮಾಡಿಸುತ್ತೇನೆ, ಈಗ ಒಳ್ಳೆ ಗಳಿಗೆ ಎಂದು ಅನಂತರಾಮು ಇಂಜಿನ್ ಚಾಲೂ ಮಾಡಿದರು. ಚಕ್ರ ಉರುಳಿ ನಿಂಬೆಹಣ್ಣು ಪಚಕ್ಕೆಂದಿತು.

ಗುರುಶಾಂತಪ್ಪ ಸೈಕಲ್ ಬಿಸಾಕಿ ಕಾರಿಗೆ ಅಡ್ಡ ನಿಂತ.

"ಹ್ಯಾಂಡ್ ಬ್ರೇಕ್ ಎಳೀರಿ ಸಾರ್. ಬ್ರೇಕಿಗೆ ತಪ್ಪು ಎಣ್ಣೆ ಹಾಕ್ಬಿಟ್ಟಿದೀನಿ."

ಕಾರು ಅವನ ಮೊಣಕಾಲಿಗೆ ತಾಗಿ ನಿಂತಿತು. ಅನಂತರಾಮು ಇಳಿದು ಬಂದರು. ಮುಖ ಕೆಂಪಗಾಗಿತ್ತು.

"ಡಬ್ಬಿ ಮೇಲೆ ಬರೆದಿರುತ್ತಲ್ರೀ, ಓದಲಿಲ್ವಾ?"

ಸುತ್ತ ಜನ ಸೇರಿದ್ದರು. ಅವರಲ್ಲಿ ಅರ್ಧ ಜನ ಅವನ ಗಿರಾಕಿಗಳೇ. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ನಂಗೆ ಓದೋಕ್ ಬರಲ್ಲ ಸಾರ್," ಎಂದ.

ಯಾರೂ ನಗಲಿಲ್ಲ. ಮೀನಾಕ್ಷಮ್ಮ ಮಕ್ಕಳನ್ನು ಕೆಳಗಿಳಿಸಿಕೊಂಡರು.

ಬ್ರೇಕಿನ ರಬ್ಬರೆಲ್ಲ ಕಿತ್ತು ಹೊಸದು ಹಾಕಲು ಅವನಿಗೆ ಎರಡು ದಿನ ಹಿಡಿಯಿತು. ಆಮೇಲೆ ವಾರವಿಡೀ ಷೆಡ್ಡಿಗೆ ಒಂದು ಕಾರೂ ಬರಲಿಲ್ಲ. ಎಂಟನೆಯ ದಿನ ಬ್ರೇಕಿನ ಎಣ್ಣೆ ನೋಡಿಸಲು ಅನಂತರಾಮು ಕಾರು ತಂದರು. ನೆಗಡಿ ಬಿಟ್ಟಿತ್ತು, ಮೂಗು ಸರಿಯಾಗಿತ್ತು. ಆದರೂ ಗುರುಶಾಂತಪ್ಪ ಡಬ್ಬಿ ಮೂಸಲಿಲ್ಲ. ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

"ಓದಿ ಹೇಳಿ ಸಾರ್. ಆಮೇಲೆ ಹಾಕ್ತೀನಿ."