ಕನ್ನಡಕ ತೆಗೆದು ಕಣ್ಣು ಮಿಟುಕಿಸಿ

‘ನಿಮಗೆ ಹದಿನೆಂಟು ತುಂಬಿದೆಯೇ?’

ಎಪ್ಪತ್ತು ದಾಟಿದ ನಮ್ಮ ಸರಳತ್ತೆಯನ್ನು ಹೀಗೆ ಕೇಳಿದ್ದು ಒಂದು ಆ್ಯಪ್. ಮೊನ್ನೆ ಭಾನುವಾರ ಸಂಜೆ, ಗವಿಪುರದ ಅವರ ಮನೆಯಲ್ಲಿ. ಅತ್ತೆ ನಕ್ಕಿದ್ದೇ ನಕ್ಕಿದ್ದು.

ಸರಳತ್ತೆಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ರಿಟೈರ್ ಆದವರು. (ಮಾತು ಇನ್ನೂ ರಿಟೈರ್ ಆಗಿಲ್ಲ.) ಪರದೆಯ ಮೇಲೆ ಬಂದದ್ದನ್ನೆಲ್ಲ ಅವರ ಫೋನು ಓದಿ ಹೇಳುತ್ತದೆ. ಭಾನುವಾರ ಏಳು ಗಂಟೆಗೆ ಆ ಆ್ಯಪಿನಲ್ಲಿ ಹಳೆಯ ಸಹೋದ್ಯೋಗಿಗಳ ಅಂತ್ಯಾಕ್ಷರಿ. ಮುಖವಿಲ್ಲ, ಬರೀ ದನಿ. ನಡೆಸಿಕೊಡುವುದು ಅತ್ತೆಯೇ. ವಾರವಿಡೀ ಅದಕ್ಕೇ ಕಾಯುತ್ತಾರೆ.

ಈಗ ಹೊಸ ರೂಲ್ಸು. ಮಕ್ಕಳು ನುಸುಳಬಾರದೆಂದು ಎಲ್ಲರೂ ಮುಖ ತೋರಿಸಿ ವಯಸ್ಸು ಸಾಬೀತು ಮಾಡಬೇಕಂತೆ. ಮಾಡೋಣ. ಆದರೆ ‘ಮುಖವನ್ನು ವೃತ್ತದೊಳಗಿಡಿ’ ಎಂದರೆ ಅತ್ತೆ ಆ ವೃತ್ತವನ್ನು ಎಲ್ಲಿ ಹುಡುಕಬೇಕು, ನೀವೇ ಹೇಳಿ? ಅಲ್ಲಿಯತನಕ ವಟವಟ ಎನ್ನುತ್ತಿದ್ದ ಫೋನು ಅಲ್ಲಿಗೆ ಬಂದು ಗಪ್‌ಚುಪ್. ನಾನೇ ಫೋನು ಹಿಡಿದೆ. ಸ್ವಲ್ಪ ಎಡಕ್ಕೆ ಅತ್ತೆ, ಇನ್ನೊಂಚೂರು ಮೇಲೆ. ಅಂತೂ ಮುಖ ಕೂತಿತು. ಆಗ ಬಂತು ಮುಂದಿನ ಅಪ್ಪಣೆ: ಕನ್ನಡಕ ತೆಗೆದು ಕಣ್ಣು ಮಿಟುಕಿಸಿ.

ಓದಿ ಹೇಳಿದೆ. ಅತ್ತೆಯ ನಗು ನಿಂತಿತು. ಕಪ್ಪು ಕನ್ನಡಕವಿಲ್ಲದ ಅವರ ಮುಖವನ್ನು ನಾನೂ ಇದುವರೆಗೆ ನೋಡಿಲ್ಲ.

“ನಮ್ಮನೆಯವ್ರು ಬಿಟ್ರೆ ಯಾರ ಮುಂದೂ ತೆಗ್ದಿಲ್ಲ ಕಣೇ. ಆ ಕಡೆ ಯಾರು ನೋಡ್ತಾರೆ?”

ಮೆಷಿನ್ನು ಎಂದೆ. ನೋಡಿದ ಮೇಲೆ ಫೋಟೊ ಎಲ್ಲಿಡುತ್ತದೆ ಎಂದು ಕೇಳಿದರು. ಆ್ಯಪಿನ ಷರತ್ತುಗಳನ್ನು ಹುಡುಕಿ ಓದಿದೆ. (ಇಂಥದ್ದನ್ನು ನಾನು ಜನ್ಮದಲ್ಲಿ ಓದಿದವಳಲ್ಲ. ನೀವು?) ‘ನಂಬಿಕಸ್ಥ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು’ ಎಂದಿತ್ತು. ಪಾಲುದಾರರು ಎಷ್ಟು ಜನ ಎಂದರು ಅತ್ತೆ. ಅದನ್ನು ಬರೆದಿರಲಿಲ್ಲ. ಮುಖ ಬೇಡವಾದರೆ ಗುರುತಿನ ಚೀಟಿ ಕಳಿಸಬಹುದಿತ್ತು. ಮನೆಯ ವಿಳಾಸ ಸಮೇತ! ವಯಸ್ಸು ತಿಳಿಯಲು ವಿಳಾಸ ಯಾಕೆ?

ಅಂತ್ಯಾಕ್ಷರಿ ತಪ್ಪಿಹೋಗುತ್ತದಲ್ಲ ಎಂದು ನನಗೇ ಚಡಪಡಿಕೆ. ಒಂದೇ ಒಂದು ನಿಮಿಷ ಕನ್ನಡಕ ತೆಗೆಯಿರಿ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದೆ.

“ನೀನೂ ಕಣ್ಮುಚ್ಕೊಂಡ್ರೆ ವೃತ್ತ ಯಾರು ನೋಡ್ತಾರೆ?”

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಏಳಾಯಿತು. ಕೂಟದ ಗೆಳತಿಯೊಬ್ಬರು ಫೋನ್ ಮಾಡಿ, ಎಲ್ಲರೂ ಬಂದಾಯಿತು, ನೀವೆಲ್ಲಿ ಎಂದು ಕೇಳಿದರು. ಇವತ್ತು ನೀವೇ ನಡೆಸಿ ಎಂದು ಅತ್ತೆ ಫೋನಿಟ್ಟರು.

ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅತ್ತೆ ಕೇಳಿದರು:

“ಮಕ್ಳು ಒಳಗೆ ಬರ್ಬಾರ್ದು ಅಂತ ತಾನೇ ಬಾಗಿಲು ಹಾಕಿದ್ದು? ಮತ್ತೆ ನಾನ್ಯಾಕೆ ಹೊರಗಿದೀನಿ?”