ನೀಲಕ್ಕ ಹಾಕಿದ ಎಣ್ಣಿ

ಕುಬಿಹಾಳದ ರಾಜಮಾಬಿಗೆ ಊರಿನವರು ಇಟ್ಟ ಹೆಸರು ಸಿಐಡಿ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಹಿಂದೆ ಕರೆಯುತ್ತಾರೆ ಎಂಬ ಸಂಶಯ ಅವಳಿಗೆ ಮೊದಲಿನಿಂದಲೂ ಇದೆ. ತರಕಾರಿಯವ ತಕ್ಕಡಿ ಎತ್ತಿದರೆ ಅವಳ ಕಣ್ಣು ಬದನೆಕಾಯಿಯ ಮೇಲಿರುವುದಿಲ್ಲ, ಅವನ ಕಿರುಬೆರಳಿನ ಮೇಲಿರುತ್ತದೆ. ಕುಂದಗೋಳದ ಬಸ್ಸು ತಡವಾದರೆ ಎಲ್ಲರಿಗೂ ಸಿಟ್ಟು ಬಂದೀತು. ಇವಳಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೇ ಅನುಮಾನ, ಕಂಡಕ್ಟರನ ಮುಖವನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಗಂಡ ಕುತುಬುದ್ದೀನ ಕುಂದಗೋಳದ ಪೇಟೆಯಲ್ಲಿ ಮಷೀನು ಇಟ್ಟುಕೊಂಡ ದರ್ಜಿ. ಪಾಪ, ಬಾಯಿ ಸತ್ತ ಮನುಷ್ಯ. ಅವನು ಯಾವತ್ತಾದರೂ ನಗುನಗುತ್ತ ಮನೆಗೆ ಬಂದನೋ, ಊಟ ಮುಗಿಯುವ ತನಕ ಅವನಿಗೆ ವಿಚಾರಣೆ ತಪ್ಪಿದ್ದಲ್ಲ. ಎಲ್ಲ ವಿಚಾರಣೆಯೂ ಮುಗಿಯುವುದು ಅದೇ ಒಂದು ಮಾತಿಗೆ: "ಇದರಾಗ ಏನೋ ಐತಿ."

ಈ ಸಂಶಯದಿಂದ ಊರಲ್ಲಿ ಒಬ್ಬಳಿಗೆ ಮಾತ್ರ ಮಾಫಿ ಇತ್ತು. ಅವಳು ಹಿತ್ತಲ ಗೋಡೆಯಾಚೆಯ ನೀಲಕ್ಕ. ಮಠಕ್ಕೆ ನಡೆದುಕೊಳ್ಳುವವರ ಮನೆ ಅವರದು. ಲಿಂಗಪೂಜೆಯಾಗದೆ ನೀಲಕ್ಕ ಹನಿ ನೀರೂ ಕುಡಿಯಳು. ಎರಡು ಹಿತ್ತಲಿನ ನಡುವಿನ ಮಣ್ಣಿನ ಗೋಡೆ ಯಾವುದೋ ಮಳೆಗಾಲದಲ್ಲಿ ಕುಸಿದು, ಒಬ್ಬರು ದಾಟುವಷ್ಟು ಸಂದಿ ಬಿದ್ದಿತ್ತು. ಕಟ್ಟಿಸಿಬಿಡೋಣ ಎಂದು ಎರಡೂ ಮನೆಯ ಗಂಡಸರು ಪ್ರತಿ ವರ್ಷ ಅನ್ನುತ್ತಾರೆ. ಹೆಂಗಸರು ಬಿಟ್ಟರೆ ತಾನೆ! ಆ ಸಂದಿಯಿಂದಲೇ ಈಚೆಗೆ ಮಜ್ಜಿಗೆ ಬರಬೇಕು, ಆಚೆಗೆ ಕರಿಬೇವು ಹೋಗಬೇಕು, ನಡುಮಧ್ಯಾಹ್ನ ಇಬ್ಬರೂ ಅಲ್ಲೇ ಕೂತು ಊರ ಸುದ್ದಿಯನ್ನು ಸೋಸಬೇಕು.

ರಾಜಮಾಬಿಯ ಕೈಕೆಲಸವೆಂದರೆ ಕೌದಿ. ಹಳೆಯ ಸೀರೆ, ಧೋತರ, ಗಂಡನ ಅಂಗಡಿಯ ಚೂರು ಬಟ್ಟೆ ಎಲ್ಲ ಪದರ ಪದರವಾಗಿ ಹಾಸಿ ಹೊಲಿಯುತ್ತ ಹೋದಳೆಂದರೆ ಆ ಕೌದಿ ಎರಡು ತಲೆಮಾರು ಬಾಳಬೇಕು. ಈ ಬೇಸಿಗೆಯಲ್ಲಿ ಅವಳ ಕೈಯಲ್ಲಿದ್ದದ್ದು ಒಂದು ಪುಟ್ಟ ಕೌದಿ. ನೀಲಕ್ಕನ ಮಗಳು ಮಹಾನಂದಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆಂದು ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬಂದಿತ್ತು. ತೊಟ್ಟಿಲಿಗೆ ಕೌದಿ ರಾಜಮಾಬಿಯದೇ ಆಗಬೇಕೆಂದು ನೀಲಕ್ಕ ತನ್ನ ಮದುವೆಯ ಇಳಕಲ್ ಸೀರೆಯನ್ನೇ ತಂದು ಅವಳ ಉಡಿಗೆ ಹಾಕಿದ್ದಳು. ರಾಜಮಾಬಿ ಹಿತ್ತಲಲ್ಲಿ ಬೇವಿನ ನೆರಳಿಗೆ ಕೂತು ಆ ಸೀರೆಯ ಕೆಂಪು ಸೆರಗನ್ನು ಎಳೆ ಎಳೆಯಾಗಿ ಬಿಚ್ಚಿ, ಅಳತೆಗೆ ಕತ್ತರಿಸುತ್ತಿದ್ದಳು.

ಅವಳ ಸುತ್ತ ಕೋಳಿಗಳು ಕೆದರುತ್ತಿರುತ್ತಿದ್ದವು. ಅವುಗಳಲ್ಲಿ ಕರಿ ಹ್ಯಾಟಿಯ ಮೇಲೆ ರಾಜಮಾಬಿಗೆ ಪ್ರಾಣ. ಇನ್ನೂ ಮೊದಲ ತತ್ತಿ ಇಟ್ಟಿರದ ಎಳೆಯ ಕೋಳಿ ಅದು. ಬಿಸಿಲಿಗೆ ನಿಂತರೆ ಮೈ ನೀಲಿಯಾಗಿ ಮಿಂಚುತ್ತಿತ್ತು. ಅದಕ್ಕೆ ಇರುವ ಕೆಟ್ಟ ಚಾಳಿ ಒಂದೇ, ಸಂದಿ ದಾಟಿ ನೀಲಕ್ಕನ ಹಿತ್ತಲಿಗೆ ನುಗ್ಗುವುದು. ಹೋದ ವಾರ ನೀಲಕ್ಕ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯ ಮೇಲೆಲ್ಲ ಓಡಾಡಿ ಬಂದಿತ್ತು. ಕೋಳಿ ತುಳಿದ ಶಾವಿಗೆ ಆ ಮನೆಯಲ್ಲಿ ಯಾರು ತಿನ್ನಬೇಕು? ಅಷ್ಟನ್ನೂ ಎಮ್ಮೆಯ ಮುಂದೆ ಸುರಿದು ನೀಲಕ್ಕ ಸಂದಿಗೆ ಬಂದು ಅಂದಿದ್ದಳು: "ಒಂದಿನ ನಿನ್ನ ಹ್ಯಾಟಿಗೆ ನಾನ ಒಂದ ಗತಿ ಕಾಣಸ್ತೀನಿ ನೋಡ, ರಾಜಮಾ." ಆಗ ಇಬ್ಬರೂ ನಕ್ಕಿದ್ದರು.

ಅಂಥ ಹ್ಯಾಟಿ ಇವತ್ತು ಮುಂಜಾನೆ ಬುಟ್ಟಿ ಎತ್ತಿದರೆ ಹೊರಗೆ ಬರಲಿಲ್ಲ. ಪುಕ್ಕ ಉಬ್ಬಿಸಿಕೊಂಡು, ಕುತ್ತಿಗೆ ಒಳಗೆಳೆದುಕೊಂಡು, ಕಣ್ಣು ಅರೆ ಮುಚ್ಚಿ ಕೂತಿತ್ತು. ನುಚ್ಚು ಚೆಲ್ಲಿದರೆ ತಿರುಗಿಯೂ ನೋಡಲಿಲ್ಲ. ಕುತ್ತಿಗೆಯ ಕೆಳಗೆ ಎದೆಯ ಹತ್ತಿರ ಲಿಂಬೆಹಣ್ಣಿನಂಥ ಗಂಟು.

ವಿಚಾರಣೆ ಶುರುವಾಯಿತು. ಕೊಕ್ಕರೆ ರೋಗವೇ? ಹಾಗಿದ್ದರೆ ಒಂದೇ ಕೋಳಿಗೆ ಯಾಕೆ, ಉಳಿದವು ಹೊಟ್ಟೆಬಾಕತನ ಮಾಡಿಕೊಂಡು ನುಚ್ಚಿಗೆ ಮುತ್ತಿವೆಯಲ್ಲ. ಬೆಕ್ಕೇ? ಮೈಮೇಲೆ ಒಂದು ಗೀರಿಲ್ಲ. ಹಾಗಾದರೆ ನೆದರು. ಹಿಟ್ಟಿನ ಗಿರಣಿಯ ಪುಂಡಲೀಕ ಮೊನ್ನೆ ಈ ದಾರಿಯಲ್ಲಿ ಹೋಗುವಾಗ ನಿಂತು, ಏನು ಮಿಂಚತೈತ್ರಿ ಈ ಕೋಳಿ ಎಂದು ಬಾಯಿ ಬಿಟ್ಟಿದ್ದ. ಅವನ ಕಣ್ಣು ಒಳ್ಳೆಯದಲ್ಲ ಎಂದು ಅವಳಿಗೆ ಎಂದೋ ಗೊತ್ತು! ಉಪ್ಪು, ಒಣಮೆಣಸಿನಕಾಯಿ ಹಿಡಿದು ಹ್ಯಾಟಿಗೆ ನಿವಾಳಿಸಿ ಇಳಿ ತೆಗೆದು ನೀರೊಲೆಗೆ ಹಾಕಿದಳು. ನೆದರು ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಇಲ್ಲಿ ಘಾಟು ಎಂಥದ್ದು ಬಂತೆಂದರೆ, ಒಳಗೆ ಚಹ ಕುಡಿಯುತ್ತಿದ್ದ ಕುತುಬುದ್ದೀನ ಕೆಮ್ಮಿ ಕೆಮ್ಮಿ ಬೀದಿಗೆ ಓಡಿದ. ಪುಂಡಲೀಕ ಖುಲಾಸೆಯಾದ.

ಅಷ್ಟರಲ್ಲಿ ಸಂದಿಯಾಚೆ ನೀಲಕ್ಕನ ಗಂಡ ಮಡಿವಾಳೆಪ್ಪ ಎಮ್ಮೆಗೆ ಮೇವು ಹಾಕುತ್ತಿರುವುದು ಕಂಡಿತು. ನಮ್ಮ ಹ್ಯಾಟಿ ನಿನ್ನೆ ನಿಮ್ಮ ಕಡೆ ಬಂದಿತ್ತೇನ್ರಿ ಅಣ್ಣಾರ ಎಂದು ರಾಜಮಾಬಿ ಕೇಳಿದಳು. ಮಡಿವಾಳೆಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಊರಿಗೇ ಗೊತ್ತು.

"ಸಂಜಿಮುಂದ ಬಂದಿತ್ತು ತಂಗಿ. ನೀ ಸಂತಿಗೆ ಹೋಗಿದ್ದಿ. ನಮ್ಮಾಕಿ ಅದಕ್ಕ ಎಣ್ಣಿ ಹಾಕ್ಯಾಳ," ಎಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಯಾರ ಮುಂದನೂ ಹೇಳಬ್ಯಾಡ ಅಂದಿದ್ಲು. ನೀನೂ ಹೇಳಬ್ಯಾಡ ಮತ್ತ," ಎಂದವನೇ ಮೇವಿನ ಪೆಂಡಿ ಹೊತ್ತು ಒಳಗೆ ನಡೆದ.

ರಾಜಮಾಬಿ ನಿಂತಲ್ಲೇ ನಿಂತಳು. ನಮ್ಮ ಕಡೆ ಎಣ್ಣಿ ಎಂಬ ಮಾತಿಗೆ ಎಷ್ಟು ಭಯವಿದೆ ಎಂಬುದು ಹೊಲ ಇದ್ದವರಿಗೆ ಗೊತ್ತು. ಹತ್ತಿಯ ಹುಳಕ್ಕೆ ಹೊಡೆಯುವುದೂ ಎಣ್ಣಿ, ಬದುಕು ಸಾಕಾದವರು ಕುಡಿಯುವುದೂ ಎಣ್ಣಿ. ಹೋದ ಹಂಗಾಮಿನಲ್ಲಿ ಉಳಿದ ಎಣ್ಣಿ ಡಬ್ಬಿ ಮಡಿವಾಳೆಪ್ಪನ ದನದ ಕೊಟ್ಟಿಗೆಯಲ್ಲಿ ಜಂತಿಗೆ ಸಿಕ್ಕಿಸಿ ಇಟ್ಟಿರುವುದನ್ನು ಅವಳೇ ಕಣ್ಣಾರೆ ಕಂಡಿದ್ದಾಳೆ. ಶಾವಿಗೆಯ ಸಿಟ್ಟು. ಗತಿ ಕಾಣಿಸುತ್ತೇನೆ ಎಂದ ಮಾತು. ಅದರ ಮೇಲೆ ಯಾರಿಗೂ ಹೇಳಬೇಡ ಎಂಬ ತಾಕೀತು ಬೇರೆ. ಇನ್ನೇನು ಬೇಕು? ಊರಲ್ಲಿ ಎಲ್ಲರನ್ನೂ ಸಂಶಯಪಟ್ಟು, ಪಡಬೇಕಾದವಳೊಬ್ಬಳನ್ನೇ ಬಿಟ್ಟಿದ್ದೆನಲ್ಲ ಎಂದು ಅವಳಿಗೆ ಅಳುವೇ ಬಂತು. ಹ್ಯಾಟಿ ಹೋದರೆ ಇನ್ನೊಂದು ಬಂದೀತು. ನೀಲಕ್ಕ ಹೀಗೆ ಮಾಡಿದಳಲ್ಲ ಎಂಬುದನ್ನು ಮಾತ್ರ ಅವಳಿಂದ ನುಂಗಲಾಗಲಿಲ್ಲ.

ಅಳು ಸಿಟ್ಟಿಗೆ ತಿರುಗಲು ಹೊತ್ತು ಹಿಡಿಯಲಿಲ್ಲ. ಹೊರಗಿನ ಬೇಲಿಯಿಂದ ಬಳ್ಳಾರಿ ಜಾಲಿಯ ಮುಳ್ಳುಕಂಟಿ ಎಳೆದು ತಂದು ಸಂದಿಗೆ ತುರುಕಿದಳು. ಅರ್ಧ ಹೊಲಿದ ಕೌದಿಯನ್ನು ಸುತ್ತಿ ಅಟ್ಟಕ್ಕೆ ಎಸೆದಳು. ಹ್ಯಾಟಿಯನ್ನು ಬುಟ್ಟಿಯಲ್ಲಿಟ್ಟು ಹಳೆಯ ಅರಿವೆ ಮುಚ್ಚಿ, ಕುಂದಗೋಳದ ದನದ ದವಾಖಾನೆಗೆಂದು ಹೊರಟಳು. ದಾರಿಯಲ್ಲಿ ಪುಂಡಲೀಕನ ಗಿರಣಿ. ಜೋಳ ಬೀಸಿಸಲು ಹೆಂಗಸರು ಪಾಳಿಯಲ್ಲಿ ಕೂತಿದ್ದರು. ಬುಟ್ಟಿಯಲ್ಲಿ ಏನೆಂದು ಪುಂಡಲೀಕ ಕೇಳಿದ್ದೇ ತಡ, ನೀಲಕ್ಕ ನಮ್ಮ ಹ್ಯಾಟಿಗೆ ಎಣ್ಣಿ ಹಾಕಿದ್ದಾಳೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಯೇ ಟಂಟಂ ಹತ್ತಿದಳು. ಆ ಗಿರಣಿಯಲ್ಲಿ ಬಿದ್ದ ಮಾತು ಹಿಟ್ಟಿನ ಜೊತೆಗೆ ಮನೆಮನೆಗೂ ಹೋಗುತ್ತದೆ. ಗೊತ್ತಿದ್ದೇ ಹೇಳಿದಳು.

ದವಾಖಾನೆಯ ಡಾಕ್ಟರು ಗಟ್ಟಿ ಕೈಯ, ಮಾತಿಗೆ ಮೊದಲು ಕೆಲಸ ನೋಡುವ ಹೆಣ್ಣುಮಗಳು. ರಾಜಮಾಬಿ ಬುಟ್ಟಿ ಇಳಿಸುವ ಮೊದಲೇ ವಿಷ ಹಾಕಿದ್ದಾರೆ, ಹಾಗೆಂದು ಬರೆದುಕೊಡಿ, ನಾನು ಪಂಚರ ಮುಂದೆ ಇಡಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ಹ್ಯಾಟಿಯನ್ನು ಎತ್ತಿ, ಕುತ್ತಿಗೆಯ ಕೆಳಗಿನ ಗಂಟನ್ನು ಮೆಲ್ಲಗೆ ಒತ್ತಿ ನೋಡಿ, ಚುಂಚು ಬಿಡಿಸಿ ಮೂಸಿದರು.

"ಯಾವ ಎಣ್ಣಿ ಹಾಕ್ಯಾರಂತ?"

"ಹತ್ತಿಗೆ ಹೊಡಿಯೂ ಎಣ್ಣಿರಿ."

"ಇದು ಕುಸುಬಿ ಎಣ್ಣಿ. ನೀವ ಮೂಸಿ ನೋಡ್ರಿ."

ರಾಜಮಾಬಿ ಮೂಸಿದಳು. ಹಬ್ಬದ ದಿನ ಸಂದಿಯಾಚೆಯ ಒಗ್ಗರಣೆಯಿಂದ ಬರುವ ವಾಸನೆ ಅದು; ಅವಳ ಮನೆಯಲ್ಲಿ ಬಳಸುವುದು ಶೇಂಗಾ ಎಣ್ಣೆ ಮಾತ್ರ. ಅವಳಿಗೆ ಏನೂ ತಿಳಿಯದಾಯಿತು.

ಡಾಕ್ಟರು ತಿಳಿಸಿ ಹೇಳಿದರು. ಕೋಳಿ ತಿಂದ ಕಾಳು ಮೊದಲು ಇಳಿಯುವುದು ಕುತ್ತಿಗೆಯ ಕೆಳಗಿನ ಚೀಲಕ್ಕೆ. ಅಲ್ಲಿ ಏನೋ ಸಿಕ್ಕಿಕೊಂಡು ಮುಂದೆ ದಾರಿ ಕಟ್ಟಿದೆ. ಯಾರೋ ಬಲ್ಲವರು ಎಣ್ಣೆ ಕುಡಿಸಿ, ಕೈಯಿಂದ ನೀವಿ ಗಂಟು ಸಡಿಲು ಮಾಡಿದ್ದಾರೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಸತ್ತಿರುತ್ತಿತ್ತು. ಆಮೇಲೆ ಗಂಟಿನ ಮೇಲಿನ ಪುಕ್ಕ ಕಿತ್ತು, ಸೂಜಿಮದ್ದು ಕೊಟ್ಟು, ಸಣ್ಣದಾಗಿ ಕೊಯ್ದು ಚಿಮಟದಿಂದ ಒಳಗಿನದನ್ನು ಹೊರಗೆ ತೆಗೆದರು. ಒದ್ದೆಯಾದ ದಾರದ ಉಂಡೆ. ನೀರಿಗೆ ಹಿಡಿದು ತೊಳೆದರೆ ಕೆಂಪು ರೇಷ್ಮೆ.

"ಇದು ನೀಲಕ್ಕನ ಸೀರಿ!" ಎಂದಳು ರಾಜಮಾಬಿ. ಕಳ್ಳನ ಜುಟ್ಟು ಕೈಗೆ ಸಿಕ್ಕಂತೆ ಅವಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಆ ಸೀರೆ ಯಾರ ಮನೆಯಲ್ಲಿದೆ, ಅದರ ಸೆರಗನ್ನು ಎಳೆ ಎಳೆಯಾಗಿ ಬಿಚ್ಚಿ ಬೇವಿನ ಬುಡಕ್ಕೆ ಚೆಲ್ಲಿದವರು ಯಾರು ಎಂಬುದು ನೆನಪಾಗಿ, ಅಲ್ಲೇ ಇದ್ದ ಬೆಂಚಿನ ಮೇಲೆ ಕುಸಿದು ಕೂತಳು. ಡಾಕ್ಟರು ಚರ್ಮಕ್ಕೆ ಹೊಲಿಗೆ ಹಾಕಿ, ನಾಳೆಯ ತನಕ ಬರೀ ನೀರು, ಆಮೇಲೆ ತೆಳ್ಳನೆಯ ಗಂಜಿ ಎಂದು ಹೇಳಿದರು. ಬರೆದುಕೊಡುವುದೇನಾದರೂ ಇದೆಯೇ ಎಂದು ಕೇಳಿದರು. ರಾಜಮಾಬಿ ಬೇಡವೆಂದು ತಲೆ ಅಲ್ಲಾಡಿಸಿದಳು.

ಮನೆಗೆ ಬಂದವಳು ನೇರ ಹಿತ್ತಲಿಗೆ ಹೋದಳು. ಮುಳ್ಳುಕಂಟಿಯ ಆಚೆ ನೀಲಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಣ್ಣು ಕೆಂಪಾಗಿತ್ತು.

"ಹ್ಯಾಟಿ ಹ್ಯಾಂಗೈತಿ?" ಎಂದು ಕೇಳಿದಳು.

ಬದುಕೈತಿ ಎಂದಷ್ಟೇ ಹೇಳಿ ರಾಜಮಾಬಿ ಮುಳ್ಳು ಎಳೆಯತೊಡಗಿದಳು. ಅಂಗೈ ಗೀರಿ ರಕ್ತ ಬಂದರೂ ಬಿಡಲಿಲ್ಲ. ಎಳೆಯುತ್ತಲೇ ನಡೆದದ್ದನ್ನೆಲ್ಲ ಹೇಳಿದಳು, ಗಿರಣಿಯಲ್ಲಿ ಆಡಿದ್ದನ್ನೂ ಬಚ್ಚಿಡಲಿಲ್ಲ. ಅದು ನೀಲಕ್ಕನಿಗೆ ಆಗಲೇ ಮುಟ್ಟಿತ್ತು. ಜೋಳದ ಬುಟ್ಟಿ ಹೊತ್ತು ಹೋದವಳನ್ನು ಪುಂಡಲೀಕ ಎಲ್ಲರೆದುರಿಗೆ, ಎಣ್ಣಿ ಹಾಕಿದ್ದು ಹೌದೇನ್ರಿ ಎಂದು ಕೇಳಿದ್ದ. ನೀಲಕ್ಕ ಬಾಯಿ ಬಿಡದೆ ಬುಟ್ಟಿ ಅಲ್ಲೇ ಇಟ್ಟು ಬಂದಿದ್ದಳು.

"ಎಮ್ಮಿ ಕರದ ಹೊಟ್ಟಿ ಉಬ್ಬಿದ್ರ ಹಾಕೂ ಎಣ್ಣಿ ಅಂತ ಹೇಳಬೇಕಿಲ್ಲ? ಯಾಕ ಸುಮ್ಮನಾದಿ?" ಎಂದು ರಾಜಮಾಬಿ ಜೋರು ಮಾಡಿದಳು. ತಪ್ಪು ತನ್ನದಾದಾಗಲೂ ಜೋರು ಅವಳದೇ.

"ಏನಂತ ಹೇಳ್ಲಿ? ಕೋಳೀನ ತೊಡಿ ಮ್ಯಾಲೆ ಹಾಕ್ಕೊಂಡು ನೀವಿದೆ ಅನ್ಲ್ಯಾ?" ನೀಲಕ್ಕನ ದನಿ ಇಳಿಯಿತು. "ಕೂಸಿನ್ನ ತೊಟ್ಟಲಕ್ಕ ಹಾಕೂ ದಿನ ಮಠದ ಅಯ್ಯನವರು ಬರ್ತಾರ, ಬೀಗರು ಬರ್ತಾರ. ಕೋಳಿ ಮುಟ್ಟಿದ ಕೈ ಅಂತ ಅವರು ಎಲಿ ಬಿಟ್ಟು ಎದ್ದರ ನನ್ನ ಮಗಳು ಅತ್ತಿ ಮನ್ಯಾಗ ಹ್ಯಾಂಗ ಬಾಳಬೇಕು? ಅದಕ್ಕ, ಕೊಂದಾಕಿ ಅಂದ್ರೂ ಅನ್ನಲಿ ಅಂತ ಬಂದೆ."

ರಾಜಮಾಬಿ ಕೊನೆಯ ಕಂಟಿಯನ್ನು ಎಳೆದು ಬದಿಗೆ ಹಾಕಿದಳು. ಬುಟ್ಟಿಯನ್ನು ನೀಲಕ್ಕನ ಕಣ್ಣಿಗೆ ಬೀಳುವಂತೆ ಸಂದಿಯಲ್ಲೇ ಇಟ್ಟು, ಕೈ ತೊಳೆದು, ಸೆರಗು ಹೊದ್ದು ಗಿರಣಿಗೆ ನಡೆದಳು.

ಪಾಳಿಯಲ್ಲಿ ಹೆಂಗಸರು ಇನ್ನೂ ಇದ್ದರು. ಗಿರಣಿಯ ಸದ್ದು ನಿಲ್ಲುವ ತನಕ ಕಾದು, ಮುಂಜಾನೆ ನಿಂತ ಜಾಗದಲ್ಲೇ ನಿಂತು ಅವಳು ಹೇಳಿದಳು: "ಎಣ್ಣಿ ಹಾಕಿದ್ದು ನಾನ. ಕುಸುಬಿ ಎಣ್ಣಿ. ನನ್ನ ಕೌದಿ ದಾರ ನುಂಗಿತ್ತು, ಅದಕ್ಕ. ನೀಲಕ್ಕ ನಮ್ಮ ಹ್ಯಾಟಿನ್ನ ಮುಟ್ಟೂದಿರಲಿ, ಕಣ್ಣೆತ್ತಿ ನೋಡಿಲ್ಲ. ಮುಂಜಾನಿ ನಾ ಹೇಳಿದ್ದು ಸುಳ್ಳು."

ಹೆಂಗಸರು ಮುಖ ಮುಖ ನೋಡಿಕೊಂಡರು. ಸ್ವಂತ ಕೋಳಿಗೆ ತಾನೇ ಎಣ್ಣೆ ಹಾಕಿ ಪಕ್ಕದವಳ ಹೆಸರು ಹೇಳಿದವಳನ್ನು ಇನ್ನು ಮುಂದೆ ಯಾರು ನಂಬುತ್ತಾರೆ? ಒಬ್ಬಳು ತನ್ನ ಹಿಟ್ಟಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪುಂಡಲೀಕ ಮೈಮೇಲಿನ ಹಿಟ್ಟು ಒರೆಸಿಕೊಳ್ಳುತ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ಮ ಮನ್ಯಾಗ ಕುಸುಬಿ ಎಣ್ಣಿ ಎಲ್ಲಿಂದ ಬಂತ್ರಿ? ನೀವು ಅದನ್ನ ತಿನ್ನಾಂಗಿಲ್ಲಲ್ಲ," ಎಂದ. ಆಮೇಲೆ ಪಾಳಿಯ ಕಡೆ ತಿರುಗಿ ತಲೆ ಆಡಿಸಿದ. "ಇದರಾಗ ಏನೋ ಐತಿ ಬಿಡ್ರಿ."

ತನ್ನದೇ ಮಾತು. ಜೀವಮಾನವೆಲ್ಲ ಅದನ್ನು ಊರಿಗೆ ಹಂಚಿದವಳು ರಾಜಮಾಬಿ. ತನ್ನ ಮೇಲೆ ಬಿದ್ದರೆ ಹೇಗಿರುತ್ತದೆಂದು ಅವಳಿಗೆ ತಿಳಿದದ್ದು ಇವತ್ತೇ. ಬೇರೆ ದಿನವಾಗಿದ್ದರೆ ಗಿರಣಿ ಹಾರಿಹೋಗುವಂತೆ ಜಗಳ ತೆಗೆಯುತ್ತಿದ್ದಳು.

"ಐತಿ," ಎಂದಳು. "ಇರಲಿ ಬಿಡು."

ನೀಲಕ್ಕ ಬಿಟ್ಟುಹೋಗಿದ್ದ ಜೋಳದ ಬುಟ್ಟಿ ಪಾಳಿಯ ಕೊನೆಯಲ್ಲಿ ಹಾಗೇ ಇತ್ತು. ರಾಜಮಾಬಿ ಅದರ ಪಕ್ಕಕ್ಕೆ ಹೋಗಿ, ಅದರ ಸರದಿ ಬರುವ ತನಕ ಕೂತಳು.